ಒಂದನೇ ತೊಟ್ಟಿಯ ಮೀನುಗಳು

ವಿಷ ಹಾಕಿದ ಮೀನು ಗುಂಡುಗುಂಡಾಗಿ ಬೆಳೆದವು. ವಿಷ ಹಾಕದೆ ಜೋಪಾನ ಮಾಡಿದ ಮೀನು ಬೆಳೆಯಲೇ ಇಲ್ಲ. ಮಧುಗಿರಿಯ ಕಾಲೇಜೊಂದರ ಪ್ರಾಣಿಶಾಸ್ತ್ರದ ಕೋಣೆಯಲ್ಲಿ ತೊಂಬತ್ತು ದಿನ ನಡೆದ ಪ್ರಯೋಗದ ಫಲ ಇಷ್ಟೇ. ಕೇಳಿದವರು ನಗಬಹುದು. ಸರ್ವಮಂಗಳಾ ಮಾತ್ರ ತಕ್ಕಡಿಯ ಮುಂದೆ ಕೂತು ಮೂರು ಸಲ ಮೀನು ತೂಗಿದಳು. ನಾಲ್ಕನೆಯ ಸಲ ತಕ್ಕಡಿಯ ಮೇಲೇ ಅನುಮಾನ ಬಂದು ಐವತ್ತು ಗ್ರಾಂ ಕಲ್ಲಿಟ್ಟು ನೋಡಿದಳು. ತಕ್ಕಡಿ ಸರಿಯಾಗಿಯೇ ಇತ್ತು.

ಅವಳು ಆ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಜಾಗ ಬಿಟ್ಟು ಕದಲದವರನ್ನು ಅತಿಥಿ ಅಂತ ಕರೆಯುವ ಔದಾರ್ಯ ನಮ್ಮ ಸರ್ಕಾರಕ್ಕೆ ಮಾತ್ರ ಉಂಟು. ಈಗ ಅದೂ ಮುಗಿಯುವ ಹಾಗಿತ್ತು. ಬರುವ ಜೂನ್‌ನಿಂದ ಪಿಎಚ್.ಡಿ. ಇಲ್ಲದ ಅತಿಥಿಗಳು ಮನೆಗೆ ಹೋಗಬಹುದು ಎಂದು ಸುತ್ತೋಲೆ ಬಂದಿತ್ತು. ಗಂಡ ತೀರಿಕೊಂಡ ಮೇಲೆ ಅವಳ ಮನೆ, ಪಿಯುಸಿ ಓದುವ ಮಗಳು, ಮೊಣಕಾಲು ನೋವಿನ ತಾಯಿ, ಎಲ್ಲ ನಿಂತಿದ್ದುದು ಈ ಕೆಲಸದ ಮೇಲೆ. ಪ್ರಬಂಧ ಒಪ್ಪಿಸಲು ಇನ್ನು ಹನ್ನೆರಡೇ ದಿನವಿತ್ತು.

ಅವಳ ಪ್ರಬಂಧದ ವಿಷಯ ಸೀಸ ಬೆರೆತ ನೀರಿನಲ್ಲಿ ರೋಹು ಮೀನಿನ ಬೆಳವಣಿಗೆ. ಉತ್ತರ ಮೊದಲೇ ಗೊತ್ತಿತ್ತು. ಸೀಸ ಬೆರೆತರೆ ಮೀನು ಬೆಳೆಯುವುದಿಲ್ಲ. ಇದನ್ನು ಈ ದೇಶದಲ್ಲಿ ಕಡಿಮೆ ಅಂದರೂ ಇನ್ನೂರು ಜನ ಕಂಡುಹಿಡಿದು ಡಾಕ್ಟರಾಗಿದ್ದರು. ಇನ್ನೂರ ಒಂದನೆಯವಳಾಗುವುದರಲ್ಲಿ ಅಪಾಯವೇನೂ ಇಲ್ಲವೆಂದೇ ಅವಳ ಮಾರ್ಗದರ್ಶಕರು ಈ ವಿಷಯ ಆರಿಸಿ ಕೊಟ್ಟಿದ್ದರು. ಮೂರು ನೀಲಿ ಪ್ಲಾಸ್ಟಿಕ್ ತೊಟ್ಟಿ, ಒಂದೊಂದರಲ್ಲಿ ಹದಿನೈದು ಮರಿ. ಒಂದನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಸ್ವಲ್ಪ ಸೀಸ, ಮೂರನೆಯದಕ್ಕೆ ಜಾಸ್ತಿ ಸೀಸ. ಒಂದನೆಯದು ಚೆನ್ನಾಗಿ ಬೆಳೆಯಬೇಕು, ಮೂರನೆಯದು ಸೊರಗಬೇಕು. ಆದದ್ದು ನೋಡಿದರೆ ಒಂದನೇ ತೊಟ್ಟಿಯ ಮೀನು ಸರಾಸರಿ ಒಂಬತ್ತು ಗ್ರಾಂ, ಎರಡನೆಯದರದು ಮೂವತ್ತೊಂದು, ಮೂರನೆಯದರದು ಇಪ್ಪತ್ತೆಂಟು.

ಮೀನು ನೋಡಿಕೊಂಡವನು ಅಟೆಂಡರ್ ಕದಿರಯ್ಯ. ನಿವೃತ್ತಿಗೆ ಇನ್ನೊಂದು ವರ್ಷವಿದ್ದ ಮನುಷ್ಯ. ಕಾಲೇಜಿಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು, ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಮಾಡಿ ಮೂರೂ ತೊಟ್ಟಿಗೆ ಹಾಕುತ್ತಿದ್ದ. ಮೇಲಿನ ತೊಟ್ಟಿ ಕೆಳಗಿನ ತೊಟ್ಟಿ ಅಂತ ಭೇದ ಮಾಡಿದವನಲ್ಲ. ಮೂರನೇ ತೊಟ್ಟಿಗೆ ಸೀಸದ ದ್ರಾವಣ ಬಿಡುವಾಗ ಮಾತ್ರ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಸರ್ವಮಂಗಳಾ ಅವತ್ತೇ ಕೊರಟಗೆರೆಯ ಖಾಸಗಿ ಬಸ್ಸು ಹತ್ತಿ ಮಾರ್ಗದರ್ಶಕರಾದ ಪ್ರೊಫೆಸರ್ ನಂದೀಶ್ವರಯ್ಯನವರ ಮನೆಗೆ ಹೋದಳು. ಅವರು ತಮ್ಮ ಅಭಿನಂದನ ಗ್ರಂಥದ ಕರಡು ತಿದ್ದುತ್ತಿದ್ದರು. ಗ್ರಂಥವನ್ನು ಶಿಷ್ಯರು ಹೊರತರುತ್ತಿದ್ದರು ಎಂಬುದು ಮುನ್ನುಡಿಯ ಮಾತು, ಆ ಮುನ್ನುಡಿಯನ್ನು ಬರೆದವರೂ ಅವರೇ. ತೂಕದ ಹಾಳೆಯನ್ನು ಕನ್ನಡಕ ಮೇಲಕ್ಕೆ ತಳ್ಳಿ ನೋಡಿದರು.

"ಚೀಟಿ ಅದಲುಬದಲಾಗಿದೆಯಮ್ಮ. ಅಟೆಂಡರ್ ನೀರು ಬದಲಿಸುವಾಗ ತೊಟ್ಟಿ ಹಿಂದುಮುಂದು ಇಟ್ಟಿರ್ತಾನೆ. ನನ್ನ ಕಾಲದಲ್ಲೂ ಹೀಗಾಗ್ತಿತ್ತು."

"ಅವರನ್ನ ಒಂದು ಮಾತು ಕೇಳಿ ನೋಡ್ಲಾ ಸಾರ್?"

"ಕೇಳಿದ್ರೆ ಏನೋ ಒಂದು ಹೇಳ್ತಾನೆ. ಹೇಳಿದ ಮೇಲೆ ನೀನು ಅದನ್ನ ಬರೀಬೇಕಾಗುತ್ತೆ. ಯಾಕೆ ಬೇಕು?" ಎಂದು ಕರಡಿನ ಕಡೆ ತಿರುಗಿದರು. "ಆಗಿರೋ ತಪ್ಪನ್ನ ಸರಿಮಾಡು, ಅಷ್ಟೇ. ನೀನೇನೂ ಸುಳ್ಳು ಹೇಳ್ತಿಲ್ಲವಲ್ಲ."

ಈ ಕೊನೆಯ ಮಾತು ಅವಳಿಗೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಬರುವಾಗ ಅದನ್ನೇ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನ ಕದಿರಯ್ಯ ಬರುವ ಮೊದಲೇ ಬಂದು ಮೂರು ಚೀಟಿ ಕಿತ್ತಳು, ಮೂರು ಚೀಟಿ ಅಂಟಿಸಿದಳು. ಎರಡನೆಯದು ಒಂದನೆಯದಾಯಿತು, ಮೂರನೆಯದು ಎರಡನೆಯದಾಯಿತು, ಒಂದನೆಯದು ಮೂರನೆಯದಾಯಿತು. ಮೂವತ್ತೊಂದು, ಇಪ್ಪತ್ತೆಂಟು, ಒಂಬತ್ತು. ನಕ್ಷೆ ಬರೆದರೆ ಗೆರೆ ಎಡದಿಂದ ಬಲಕ್ಕೆ ಎಷ್ಟು ಚೆನ್ನಾಗಿ ಇಳಿಯಿತೆಂದರೆ, ಅದನ್ನು ನೋಡಿ ಅವಳಿಗೂ ಇದೇ ನಿಜವೆನ್ನಿಸಿತು.

ಕದಿರಯ್ಯ ಬಂದ. ಚೀಟಿ ನೋಡಿದ. ಅವಳ ಮುಖ ನೋಡಿದ. ಹಿಂಡಿ ಕಲಸಲು ಕೂತ.

ಒಂದು ವಾರದ ಮೇಲೆ, ಪ್ರಬಂಧದ ನೀರಿನ ಅಧ್ಯಾಯ ಬರೆಯುವಾಗ, ಅವಳು ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು. ಅದೂ ಸುಮ್ಮನೆ ಖಾತ್ರಿಗೆ.

"ಕದಿರಯ್ಯ, ಮೂರೂ ತೊಟ್ಟಿಗೆ ನಮ್ಮ ಕಾಲೇಜಿನ ಬೋರ್ ನೀರೇ ಅಲ್ವಾ ಹಾಕಿದ್ದು?"

"ಅಯ್ಯೋ ಎಲ್ಲಾದ್ರೂ ಉಂಟಾ ಮೇಡಮ್ನೋರೆ. ಒಂದ್ನೇ ತೊಟ್ಟಿಗೆ ಒಳ್ಳೇ ನೀರು ಹಾಕು ಅಂದಿದ್ರಲ್ಲ ನೀವು. ನಮ್ಮ ತುಂಬೆಪಾಳ್ಯದ ಬಾವಿ ನೀರು ತಂದಾಕ್ದೆ. ದಿನಾ ಎರಡು ಕ್ಯಾನು, ಟಿವಿಎಸ್ ಮೇಲೆ."

"ಮತ್ತೆ ಉಳಿದ ಎರಡಕ್ಕೆ?"

"ಅವುಕ್ಕೆ ಬೋರಿಂದೇಯ. ಎಂಗಿದ್ರೂ ವಿಷ ಬೆರೆಸೋ ನೀರು. ಅದುಕ್ಕೆ ಬೇಳೆ ಬೇಯೋ ನೀರು ಯಾಕೆ ದಂಡ ಮಾಡೋದು ಅಂತ." ಅವನ ಧ್ವನಿಯಲ್ಲಿ ಇಷ್ಟು ತಿಳಿವಳಿಕೆ ತನಗಿದೆಯೆಂಬ ಸಣ್ಣ ಹೆಮ್ಮೆಯಿತ್ತು.

ಈ ಸೀಮೆಯಲ್ಲಿ ನೀರಿನ ಪರೀಕ್ಷೆ ಅಂದರೆ ಬೇಳೆ. ಬೇಳೆ ಬೇಗ ಬೆಂದರೆ ಒಳ್ಳೇ ನೀರು, ಬೇಯದಿದ್ದರೆ ಕೆಟ್ಟ ನೀರು. ಮಧುಗಿರಿಯಿಂದ ಪಾವಗಡದವರೆಗೆ ಬೋರ್ ನೀರಿನಲ್ಲಿ ಬೇಳೆಯನ್ನು ಬೆಳಗಿನಿಂದ ಕುದಿಸಿದರೂ ಕಲ್ಲಿನ ಹಾಗೆ ಇರುತ್ತದೆ, ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ತುಂಬೆಪಾಳ್ಯದ ಕಾಲೊನಿಯ ಬಾವಿಯದು ಸಿಹಿನೀರು. ಆ ನೀರಿನಲ್ಲಿ ತೊಗರಿಬೇಳೆ ಅರ್ಧ ಗಂಟೆಯಲ್ಲಿ ಕರಗಿ ಹೋಗುತ್ತದೆ. ಮೀನಿನ ಬಗ್ಗೆ ಬೇಳೆಗೆ ಏನೂ ಗೊತ್ತಿಲ್ಲ ಎನ್ನುವುದು ಕದಿರಯ್ಯನಿಗೆ ಹೊಳೆಯಲಿಲ್ಲ. ಅದರಲ್ಲಿ ಅವನ ತಪ್ಪೂ ಇಲ್ಲ. 'ಒಳ್ಳೇ ನೀರು' ಎಂದವಳು ಅವಳು.

ಸರ್ವಮಂಗಳಾಗೆ ಪಾಠ ಚೆನ್ನಾಗಿ ಬರುತ್ತಿತ್ತು. ಗಡಸು ನೀರಿನಲ್ಲಿ ಸೀಸ ಸುಣ್ಣದ ಜೊತೆ ಸೇರಿ ಬಿಳಿ ಬಗ್ಗಡವಾಗಿ ತಳ ಸೇರುತ್ತದೆ, ಮೀನಿನ ಮೈಗೆ ಹತ್ತುವುದು ಕಡಿಮೆ. ಎರಡನೇ, ಮೂರನೇ ತೊಟ್ಟಿಯ ಮೀನು ಯಾಕೆ ಬೆಳೆದವು ಎಂಬುದು ಅಲ್ಲೇ ಇತ್ತು. ಅಂದರೆ ಚೀಟಿಗಳು ಮೊದಲಿನಿಂದಲೂ ಸರಿಯಾಗಿಯೇ ಇದ್ದವು. ಹಾಗಾದರೆ ಬಾವಿ ನೀರಿನಲ್ಲಿದ್ದ ಮೀನು ಯಾಕೆ ಬೆಳೆಯಲಿಲ್ಲ? ಪ್ರಶ್ನೆ ಬಾಗಿಲವರೆಗೂ ಬಂತು. ಇನ್ನು ಐದು ದಿನ ಇದೆ, ಆಮೇಲೆ ಬಾ ಎಂದು ಅವಳು ಅದನ್ನು ಹೊರಗೇ ನಿಲ್ಲಿಸಿದಳು.

ಫೋನಿನಲ್ಲಿ ನಂದೀಶ್ವರಯ್ಯನವರು ದಾರಿ ತೋರಿಸಿದರು. ಬೋರ್‌ವೆಲ್ ಅಂತ ಬರೆದರೆ ಗಡಸುತನ ಎಷ್ಟು ಅಂತ ಪರೀಕ್ಷಕರು ಹಿಡಿದು ಕೂರುತ್ತಾರೆ, ಮೂರಕ್ಕೂ ಸಿಹಿನೀರು ಬಾವಿ ಅಂತಲೇ ಬರೆ ಎಂದರು. ಅವಳು ಬಾವಿಯ ಹೆಸರು, ಊರು, ತಾಲ್ಲೂಕು ಸಮೇತ ಬರೆದಳು. ನೀರಿನ ಗುಣದ ಪಟ್ಟಿ ಬೇಕಿತ್ತು. ಅದನ್ನು ಅವಳ ಹಿರಿಯ ಸಹಪಾಠಿಯೊಬ್ಬರ ಪ್ರಬಂಧದಿಂದ ಎತ್ತಿಕೊಂಡಳು. ಅವರು ಅವರ ಹಿರಿಯರಿಂದ ಎತ್ತಿಕೊಂಡಿದ್ದರು. ಆ ಪಟ್ಟಿ ಮೂಲದಲ್ಲಿ ಯಾವ ಊರಿನ ಯಾವ ನೀರಿನದೋ ಯಾರಿಗೂ ತಿಳಿಯದು, ಆದರೆ ಬಹಳ ಒಳ್ಳೆಯ ನೀರು. ಆರನೆಯ ಸಾಲಿನಲ್ಲಿ 'ಸೀಸ: ಪತ್ತೆಯಾಗಿಲ್ಲ' ಎಂದಿತ್ತು.

ನಿಮ್ಮ ಬಾವಿ ಪುಸ್ತಕಕ್ಕೆ ಬಂತು ಕದಿರಯ್ಯ ಎಂದಾಗ ಅವನು ಆ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಇಂಗ್ಲಿಷು ಬಾರದು. ಎಲ್ಲಿದೆ ಹೆಸರು ಎಂದು ಕೇಳಿ ಅವಳ ಬೆರಳು ತೋರಿದ ಕಡೆ ತನ್ನ ಬೆರಳನ್ನೂ ಇಟ್ಟ. ಅವನಿಗೊಂದು ಉಪಕಾರ ಮಾಡಿದೆನೆಂದು ಅವಳಿಗೆ ನಿಜಕ್ಕೂ ಸಂತೋಷವಾಯಿತು.

ಆ ಬಾವಿಯ ಕಥೆ ಅವಳಿಗೆ ಗೊತ್ತಿತ್ತು. ಊರ ಬಾವಿಯ ಹತ್ತಿರ ಕಾಲೊನಿಯವರನ್ನು ಸೇರಿಸದಿದ್ದ ಕಾಲದಲ್ಲಿ ಕದಿರಯ್ಯನ ಅಪ್ಪ ಕೆಂಪಯ್ಯ ಬಂಡೆ ಸೀಳಿ ತೋಡಿಸಿದ ಬಾವಿ ಅದು. ಊರ ಬಾವಿ ಬತ್ತಿತು, ಬೋರುಗಳಲ್ಲಿ ಉಪ್ಪುನೀರು ಬಂತು. ಈಗ ಮೇಲಿನ ಬೀದಿಯ ಹೆಂಗಸರು ಬೇಳೆಯ ನೀರಿಗೆ ಕೊಡ ಹಿಡಿದು ಕಾಲೊನಿಗೇ ಬರುತ್ತಾರೆ. ಬಂದವರು ನೀರು ಒಯ್ಯುತ್ತಾರೆ, ಆದರೆ ಕಾಲೊನಿಯ ಮನೆಯೊಳಗೆ ಕೂತು ಒಂದು ಲೋಟ ನೀರು ಕುಡಿಯುವುದಿಲ್ಲ. ಕುಡಿದವಳು ಸರ್ವಮಂಗಳಾ ಒಬ್ಬಳೇ. ಹತ್ತು ವರ್ಷದ ಹಿಂದೆ ಕದಿರಯ್ಯನ ಮಗಳ ಮದುವೆಗೆ ಹೋದಾಗ, ಅವನ ಹೆಂಡತಿ ಪೆದ್ದಮ್ಮ ಸಂಕೋಚದಲ್ಲಿ ಬಾಟಲಿ ನೀರು ತರಿಸಲು ಓಡಾಡುತ್ತಿದ್ದಳು. ಇವಳು ಹಂಡೆಯಲ್ಲಿ ಚೊಂಬು ಅದ್ದಿ ಎಲ್ಲರೆದುರು ಗಟಗಟ ಕುಡಿದಿದ್ದಳು. ಶಿವಪೂಜೆಯ ಮನೆತನದ ಹೆಣ್ಣುಮಗಳು ನಮ್ಮನೇಲಿ ನೀರು ಕುಡುದ್ರು ಎಂದು ಕಾಲೊನಿಯವರು ಆ ದಿನವನ್ನು ಇನ್ನೂ ನೆನೆಯುತ್ತಿದ್ದರು. ಸ್ವತಃ ಅವಳೂ ಅದನ್ನು ಸ್ವಲ್ಪ ಜಾಸ್ತಿಯೇ ನೆನೆಯುತ್ತಿದ್ದಳು.

ಮೌಖಿಕ ಪರೀಕ್ಷೆ ಮೇ ತಿಂಗಳಲ್ಲಿ ಮುಗಿಯಿತು. ಪರೀಕ್ಷಕರು ಇಳಿಯುವ ಗೆರೆಯನ್ನು ಮೆಚ್ಚಿ, ವಡೆ ತಿಂದು, ಅವಳನ್ನು ಡಾಕ್ಟರ್ ಸರ್ವಮಂಗಳಾ ಎಂದು ಕರೆದು ಹೋದರು. ಜೂನ್‌ನಲ್ಲಿ ಕೆಲಸ ಉಳಿಯಿತು. ಆ ತಿಂಗಳ ಒಂದು ಭಾನುವಾರ ತುಂಬೆಪಾಳ್ಯದ ಕಾಲೊನಿಯವರು ತಮ್ಮ ಬಾವಿಯನ್ನು ಪುಸ್ತಕಕ್ಕೆ ಸೇರಿಸಿದ ಮೇಡಮ್ಮಿಗೆ ಸನ್ಮಾನ ಇಟ್ಟುಕೊಂಡರು.

ಹಾರ ಹಾಕಲು ಕದಿರಯ್ಯನ ಮೊಮ್ಮಗಳು ಗಗನಾ ಬಂದಳು. ಕೈ ಎಟುಕದೆ ಅವಳನ್ನು ಸ್ಟೂಲಿನ ಮೇಲೆ ಹತ್ತಿಸಿದರು.

"ಯಾವ ಕ್ಲಾಸು ಪುಟ್ಟಿ? ಒಂದನೇ ಕ್ಲಾಸಾ?"

"ನಾಕ್ನೇ ಕ್ಲಾಸು ಮೇಡಮ್ನೋರೆ," ಎಂದ ಕದಿರಯ್ಯ. "ಒಂಬತ್ತು ತುಂಬ್ತು. ಗಿಡ್ಡಕ್ಕವಳೆ ಅಷ್ಟೇ. ನಮ್ಮ ಕಾಲೊನೀಲಿ ಈಗಿನ ಮಕ್ಳೆಲ್ಲಾ ಇಂಗೇಯ, ನೆಲ ಬುಟ್ಟು ಏಳಾಕಿಲ್ಲ. ಆಗಾಗ ಹೊಟ್ಟೆ ಹಿಡ್ಕಂಡು ಕೂತ್ಕಂತಾಳೆ. ಓದಿದ್ದು ತಲೆಗೆ ನಿಲ್ಲಾಕಿಲ್ಲ ಅಂತ ಮೇಷ್ಟ್ರು ಬೈತಾರೆ. ಅವ್ರೇನು, ಮೇಷ್ಟ್ರು."

ಸರ್ವಮಂಗಳಾ ಹಾರ ಹಾಕಿಸಿಕೊಂಡು ಆ ಮಗುವಿನ ಕೈ ಹಿಡಿದಳು. ಬೆಳೆಯದ ಮೀನನ್ನು ಮತ್ತೆ ಮತ್ತೆ ತೂಗಿ ನೋಡಿದವಳಿಗೆ ಮಣಿಕಟ್ಟು ಹಿಡಿದರೆ ತೂಕ ತಿಳಿಯುತ್ತಿತ್ತು. ಸುತ್ತ ನಿಂತ ಮಕ್ಕಳನ್ನು ನೋಡಿದಳು. ಬಾಗಿಲ ಹೊರಗೆ ನಿಲ್ಲಿಸಿದ್ದ ಪ್ರಶ್ನೆ ಈಗ ಯಾರನ್ನೂ ಕೇಳದೆ ಒಳಗೆ ಬಂದು ಕೂತಿತು. ಅವಳಿಗೆ ಭಯವಾಯಿತು. ಮೊದಲು ಮಗುವಿಗಾಗಿ, ಅದರ ಬೆನ್ನಿಗೇ ತನಗಾಗಿ.

ಬರುವಾಗ ಒಂದು ಬಾಟಲಿ ಬಾವಿ ನೀರು ತಂದಳು. ಬೆಂಗಳೂರಿನ ಒಂದು ಖಾಸಗಿ ಲ್ಯಾಬಿಗೆ ಕಳಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು. ಕುಡಿಯುವ ನೀರಿನಲ್ಲಿ ಇರಬಹುದಾದದ್ದಕ್ಕಿಂತ ನಲವತ್ತು ಪಟ್ಟು ಸೀಸ. ಅವಳು ಮೂರನೇ ತೊಟ್ಟಿಗೆ ಅಳೆದು ಅಳೆದು ಹಾಕಿದ್ದ ಸೀಸ ತಳ ಸೇರಿ ಮಲಗಿತ್ತು. ಯಾರೂ ಅಳೆಯದೆ ಬಾವಿಗೆ ಇಳಿದ ಸೀಸ ಮೆತ್ತಗಿನ ಸಿಹಿನೀರಿನಲ್ಲಿ ಹಾಗೆಯೇ ತೇಲುತ್ತಿತ್ತು. ಎಲ್ಲಿಂದ ಬಂತೆಂದು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಬಾವಿಯ ಮೇಲ್ಗಡೆ, ಗುಡ್ಡದ ಹಿಂದೆ, ಆರು ವರ್ಷದಿಂದ ಅಂಜನ್ ಕುಮಾರ್ ಎಂಬಾತನ ತಗಡಿನ ಶೆಡ್ಡಿತ್ತು. ಹಳೆಯ ಲಾರಿ ಬ್ಯಾಟರಿ ಒಡೆದು ಒಳಗಿನ ಸೀಸ ಕರಗಿಸುವ ಕೆಲಸ. ತೊಳೆದ ನೀರು ಹಳ್ಳಕ್ಕೆ, ಹಳ್ಳದಿಂದ ನೆಲಕ್ಕೆ, ನೆಲದಿಂದ ಬಾವಿಗೆ. ಅಂಜನ್ ಕುಮಾರ್ ಧಾರಾಳಿ. ಕಾಲೊನಿಯ ಮಕ್ಕಳಿಗೆ ವರ್ಷವರ್ಷ ನೋಟ್‌ಬುಕ್ ಹಂಚುತ್ತಿದ್ದ.

ಅವಳು ಮಾಲಿನ್ಯ ನಿಯಂತ್ರಣದ ಕಚೇರಿಗೆ ಅರ್ಜಿ ಬರೆದಳು. ಇಷ್ಟು ಮಟ್ಟಿಗೆ ಅವಳನ್ನು ಮೆಚ್ಚಬೇಕು. ಲ್ಯಾಬಿನ ಹಾಳೆ ಲಗತ್ತಿಸಿ, ಶೆಡ್ಡು ಮುಚ್ಚಿಸಿ, ಬಾವಿಯ ನೀರು ಕುಡಿಯುವುದನ್ನು ಕೂಡಲೇ ನಿಲ್ಲಿಸಿ ಎಂದು ಸಹಿ ಹಾಕಿದಳು. ಪ್ರಬಂಧದ ವಿಷಯ ಬರೆಯಲಿಲ್ಲ. ಪ್ರಬಂಧವನ್ನು ಯಾರು ಓದುತ್ತಾರೆ ಎಂದುಕೊಂಡಳು. ಅವಳ ಮಾರ್ಗದರ್ಶಕರೇ ಪೂರ್ತಿ ಓದಿರಲಿಲ್ಲ.

ಓದಿದವನು ಒಬ್ಬ ಸಿಕ್ಕ. ಸ್ಥಳ ಪರಿಶೀಲನೆಯ ದಿನ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಪರಿಶೀಲನೆಗೆ ಬಂದ ಅಧಿಕಾರಿ ರೇಣುಕಪ್ರಸಾದ್ ಮಹಜರಿನ ಹಾಳೆ ತೊಡೆಯ ಮೇಲೆ ಇಟ್ಟುಕೊಂಡು, ಜೊತೆಗೆ ತಂದಿದ್ದ ಬಾಟಲಿ ನೀರು ಕುಡಿಯುತ್ತಿದ್ದರು. ಕಾಲೊನಿ ಪೂರ್ತಿ ಸೇರಿತ್ತು. ಅಂಜನ್ ಕುಮಾರ್ ಬಿಳಿ ಅಂಗಿಯಲ್ಲಿ ಬಂದು ಎಲ್ಲರಿಗೂ ಕೈಮುಗಿದು, ಕಂಕುಳಲ್ಲಿದ್ದ ಕಪ್ಪು ರಟ್ಟಿನ ಪುಸ್ತಕ ತೆಗೆದ. ಸರ್ವಮಂಗಳಾಗೆ ದೂರದಿಂದಲೇ ಗುರುತು ಹತ್ತಿತು. ಅದಕ್ಕೆ ರಟ್ಟು ಹಾಕಿಸಿ ಕಾಲೇಜಿನ ಲೈಬ್ರರಿಗೆ ಕೊಟ್ಟವಳು ಅವಳೇ.

"ಸಾರ್, ನಾನು ಹೆಚ್ಚು ಓದಿದವನಲ್ಲ," ಎಂದು ಅಂಜನ್ ಕುಮಾರ್ ಚೀಟಿ ಇಟ್ಟಿದ್ದ ಪುಟ ತೆರೆದ. "ಓದಿದವರು ಇಂಗ್ಲಿಷಲ್ಲಿ ಬರೆದದ್ದನ್ನ ಕನ್ನಡದಲ್ಲಿ ಹೇಳ್ತೀನಿ. ನಲವತ್ತೇಳನೇ ಪುಟ. ತುಂಬೆಪಾಳ್ಯ ಕಾಲೊನಿಯ ಬಾವಿ ನೀರು. ಸೀಸ, ಪತ್ತೆಯಾಗಿಲ್ಲ. ತೊಂಬತ್ತೆರಡನೇ ಪುಟ. ಏನೂ ಬೆರೆಸದೆ ಬರೀ ಈ ನೀರಿನಲ್ಲಿ ಬೆಳೆದ ಮೀನು ಮೂವತ್ತೊಂದು ಗ್ರಾಂ. ಮೂರೂ ತೊಟ್ಟಿಯಲ್ಲಿ ಇದೇ ಹೆಚ್ಚು. ಬರೆದವರು ಡಾಕ್ಟರ್ ಸರ್ವಮಂಗಳಾ ಮೇಡಮ್. ನಮ್ಮ ತಾಲ್ಲೂಕಿಗೆ ಹೆಮ್ಮೆ."

ಕಾಲೊನಿಯವರು ಚಪ್ಪಾಳೆ ತಟ್ಟಿದರು. ಅವನಿಗಾಗಿ ಅಲ್ಲ, ಬಾವಿಗಾಗಿ.

ರೇಣುಕಪ್ರಸಾದ್ ಪುಸ್ತಕ ತಿರುವಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನದೊಳಗೆ ಶಿರಾದ ಗೌಡಗೆರೆಯಲ್ಲಿ ಇನ್ನೊಂದು ಪರಿಶೀಲನೆ ಇತ್ತು.

"ಮೇಡಮ್, ಈ ಕಡೆ ಖಾಸಗಿ ಲ್ಯಾಬಿನ ಒಂದು ಹಾಳೆ ಲಗತ್ತಿಸಿದ ಅರ್ಜಿ ಇದೆ. ಆ ಕಡೆ ವಿಶ್ವವಿದ್ಯಾಲಯ ಒಪ್ಪಿದ ನೂರೆಂಬತ್ತು ಪುಟ ಇದೆ. ಎರಡರ ಮೇಲೂ ನಿಮ್ಮದೇ ಸಹಿ. ನಾನು ಯಾವ ಸರ್ವಮಂಗಳಾ ಅವರನ್ನ ನಂಬಬೇಕು, ನೀವೇ ಹೇಳಿ."

"ಲ್ಯಾಬಿನ ಹಾಳೆ ನಂಬಿ ಸಾರ್. ಬೇಕಾದರೆ ನೀವೇ ನೀರು ತೆಗೆದು ಪರೀಕ್ಷೆ ಮಾಡಿಸಿ."

"ಮಾಡಿಸೋಣ. ಅದಕ್ಕೊಂದು ಕಾರಣ ಬರೀಬೇಕಲ್ಲ. ಈ ಪುಸ್ತಕ ತಪ್ಪು ಅಂತ ಬರೀಲಾ?"

ಅಷ್ಟರಲ್ಲಿ ಗುಂಪಿನಿಂದ ಭೀಮರಾಜು ಮುಂದೆ ಬಂದ. ಕಾಲೊನಿಯಿಂದ ಗೆದ್ದ ಪಂಚಾಯ್ತಿ ಸದಸ್ಯ. ಸನ್ಮಾನದ ದಿನ ಅವಳಿಗೆ ಶಾಲು ಹೊದಿಸಿದವನು.

"ಮೇಡಮ್, ನಮ್ಮ ಕೆಂಪಯ್ಯ ತಾತ ಈ ಬಾವಿ ತೋಡ್ಸಿದ್ದು ಯಾಕೆ ಅಂತ ನಿಮ್ಗೆ ಗೊತ್ತೈತೆ. ಅವತ್ತು ನಿಮ್ಮೋರು ಬಾವಿ ತಾವ ಸೇರುಸ್ತಿರ್ಲಿಲ್ಲ. ಇವತ್ತು ನಿಮ್ಮೋರೇ ಕೊಡ ಹಿಡ್ಕಂಡು ಇಲ್ಲಿಗೆ ಬತ್ತಾವ್ರೆ. ಅದು ಯಾರ್ಗೋ ಕಣ್ಣು ಕುಕ್ತೈತೆ. ಮೀನು ಬೆಳೆಸ್ಕಳಕ್ಕೆ ನಮ್ಮ ನೀರು ಆಯ್ತು, ಡಾಕ್ಟ್ರು ಆಗಕ್ಕೂ ಆಯ್ತು. ಈಗ ಕುಡಿಯಕ್ಕೆ ಆಗಲ್ಲ ಅಂದ್ರೆ ಹೆಂಗೆ?"

ಅವಳ ಕೆನ್ನೆ ಬಿಸಿಯಾಯಿತು. ಏನು ಬೇಕಾದರೂ ಅನ್ನಿಸಿಕೊಳ್ಳಬಹುದು, ಇದೊಂದನ್ನು ಮಾತ್ರ ಅಲ್ಲ ಎಂದುಕೊಂಡಿದ್ದವಳು ಅವಳು.

"ಅದಲ್ಲ ಭೀಮರಾಜು, ದೇವರಾಣೆ ಅದಲ್ಲ," ಎಂದಳು. "ತೊಟ್ಟಿಯ ಚೀಟಿಗಳು ತಪ್ಪಾಗಿದ್ದವು. ಈ ಬಾವಿ ನೀರಲ್ಲಿದ್ದ ಮೀನು ಬೆಳೀಲಿಲ್ಲ. ಒಂಬತ್ತೇ ಗ್ರಾಂ ಇದ್ದವು. ನಿಮ್ಮ ಮಕ್ಕಳೂ ಬೆಳೀತಿಲ್ಲ. ಗಗನಾನ ನೋಡಿ."

ರೇಣುಕಪ್ರಸಾದ್ ಪೆನ್ನಿನ ಮುಚ್ಚಳ ತೆಗೆದರು. "ಚೀಟಿ ತಪ್ಪು ಮಾಡಿದ್ದು ಯಾರು?"

ನಾನು ಎಂದು ಒಂದು ಮಾತು ಅಂದಿದ್ದರೆ ಆಗಿಹೋಗುತ್ತಿತ್ತು. ಅವಳು ಬಾಯಿ ತೆರೆದಳು ಕೂಡ. ಆದರೆ ಆ ಪೆನ್ನು, ಆ ಹಾಳೆ, ಆ ಹಾಳೆ ಮುಂದೆ ಹೋಗುವ ಕಚೇರಿಗಳು, ಕಿತ್ತುಕೊಳ್ಳಲಿರುವ ಪದವಿ, ಮಗಳ ಫೀಜು, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಎರಡು ಸಲ ಉಸಿರಾಡುವಷ್ಟು ಹೊತ್ತು ಅವಳು ಸುಮ್ಮನಿದ್ದಳು. ಕದಿರಯ್ಯನಿಗೆ ಅಷ್ಟು ಸಾಕಾಯಿತು.

"ತಪ್ಪು ನಂದು ಸಾರ್," ಎಂದು ಅವನು ಟವಲ್ ಹೆಗಲಿಂದ ತೆಗೆದು ಮುಂದೆ ಬಂದ. "ನಾನು ಓದು ಬರ ಇಲ್ದೋನು. ತೊಟ್ಟಿ ತೊಳೆಯುವಾಗ ಚೀಟಿ ಹಿಂದ್ಲು ಮುಂದ್ಲು ಮಾಡ್ಬುಟ್ಟಿದ್ದೆ. ಮೇಡಮ್ನೋರು ಅದುನ್ನ ಒಂದಿನ ಬೆಳಗ್ಗೆನೇ ಬಂದು ಸರಿ ಮಾಡಿದ್ರು. ನನ್ನ ಕಣ್ಣಾರೆ ನೋಡಿವ್ನಿ. ಬುಕ್ಕಲ್ಲಿ ಬರ್ದಿರೋದೇ ನಿಜ. ನಮ್ಮ ನೀರಿನ ಮೀನು ದಪ್ಪಕ್ಕೇ ಇದ್ವು." ಅವಳ ಕಡೆ ತಿರುಗಿ, ತಗ್ಗಿದ ಧ್ವನಿಯಲ್ಲಿ, "ನೀವು ಹೆದ್ರುಬ್ಯಾಡಿ ಮೇಡಮ್ನೋರೆ, ನಂಗೆ ಇನ್ನೇನು, ಮುಂದಿನ ವರ್ಷ ರಿಟೈರು," ಎಂದ.

ತನ್ನ ಕೈಯಾರೆ ಆ ಒಂಬತ್ತು ಗ್ರಾಂನ ಮೀನುಗಳಿಗೆ ತೊಂಬತ್ತು ದಿನ ಹಿಂಡಿ ಹಾಕಿದವನು ಅವನು. ಚೀಟಿ ಯಾಕೆ ಬದಲಾದವೆಂದು ಅವನಿಗೆ ಅವತ್ತೇ ತಿಳಿದಿತ್ತು. ಅವಳ ಮರ್ಯಾದೆ ಉಳಿಸಬೇಕು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಬಾವಿಯ ನೀರಿನಲ್ಲಿ ಏನೋ ಇದೆ ಎನ್ನುವುದು ಅವನ ಮನಸ್ಸು ಮುಟ್ಟಿರಲೇ ಇಲ್ಲ. ಅಪ್ಪ ತೋಡಿಸಿದ ಬಾವಿ ಅದು.

ಸರ್ವಮಂಗಳಾಗೆ ಆ ಕ್ಷಣ ಮೊದಲು ಬಂದದ್ದು ನೆಮ್ಮದಿ. ನಾಚಿಕೆ ಆಮೇಲೆ ಬಂತು. ಆಗಲೂ ಹೇಳಬಹುದಿತ್ತು, ಕದಿರಯ್ಯ ಸುಳ್ಳು ಹೇಳುತ್ತಿದ್ದಾರೆ ಎನ್ನಬಹುದಿತ್ತು. ತನಗಾಗಿ ಸುಳ್ಳು ಹೇಳಿದವನನ್ನು ಕಾಲೊನಿಯ ಎದುರಿಗೆ ಸುಳ್ಳುಗಾರ ಅನ್ನುವುದು ಹೇಗೆ ಎಂದು ಅವಳು ಯೋಚಿಸಿದಳು. ಸುಮ್ಮನಿರಲು ಅದಕ್ಕಿಂತ ಮರ್ಯಾದಸ್ಥ ಕಾರಣ ಇನ್ನೊಂದು ಸಿಗುತ್ತಿರಲಿಲ್ಲ.

"ಹಾಗಾದರೆ ವಿವಾದವೇ ಇಲ್ಲ," ಎಂದರು ರೇಣುಕಪ್ರಸಾದ್.

"ಒಂದು ಐತೆ ಸಾರ್," ಎಂದ ಭೀಮರಾಜು. ಅವನ ಕೋಪ ಇಳಿದಿರಲಿಲ್ಲ. "ಮೇಡಮ್ ಬಂದು ಎರಡು ಗಂಟೆ ಆಯ್ತು. ಪೆದ್ದಮ್ಮ ನೀರು ಕೊಡಕ್ಕೆ ಬಂದ್ರೆ ಬ್ಯಾಡ ಅಂದ್ರು. ಅದೇ ಯಾಕೆ ಅಂತ ಕೇಳಿ."

ಎಲ್ಲರೂ ಅವಳ ಕಡೆ ನೋಡಿದರು. ಕದಿರಯ್ಯ ನಕ್ಕುಬಿಟ್ಟ, ಅವಳ ಪರವಾಗಿ. "ಏನ್ಲಾ ಭೀಮ, ಇವ್ರು ನಮ್ಮನೇಲಿ ನೀರು ಕುಡಿಯಾಕಿಲ್ವಾ? ನಿನ್ನ ಮೀಸೆ ಮೂಡೋಕೆ ಮುಂಚೆನೇ ಕುಡ್ದವ್ರೆ ಕಣ್ಲಾ. ಗಗನಾ, ತಗಂಬಾರವ್ವ ಒಂದು ಚೊಂಬು."

ಗಗನಾ ಓಡಿಹೋಗಿ 'ತಗಂಬಂದೆ' ಎನ್ನುತ್ತಾ ಎರಡು ಕೈಯಲ್ಲಿ ಹಿತ್ತಾಳೆ ಚೊಂಬು ಹಿಡಿದು ಬಂದಳು. ಅವಳಿಗೆ ಅದು ಭಾರ. ಪೆದ್ದಮ್ಮ ಹಿಂದೆಯೇ ಒಂದು ಅಚ್ಚು ಬೆಲ್ಲ ತಟ್ಟೆಯಲ್ಲಿಟ್ಟುಕೊಂಡು ಬಂದಳು. ನಾಗಲಮಡಿಕೆ ಕಡೆಯ ಹೆಣ್ಣುಮಗಳು, ಮಮತೆ ಉಕ್ಕಿದರೆ ಅವಳ ಬಾಯಲ್ಲಿ ತೆಲುಗು ಬರುತ್ತದೆ. "ತಾಗಮ್ಮಾ, ಕುಡೀರಿ. ಬಿಸ್ಲಲ್ಲಿ ಕೂತಿದೀರ," ಎಂದಳು.

ನೀರು ಬಹಳ ತಿಳಿಯಾಗಿತ್ತು. ಚೊಂಬಿನ ತಳದ ಗೀರುಗಳೂ ಕಾಣುತ್ತಿದ್ದವು. ಕುಡಿದರೆ ಏನಾಗುತ್ತದೆ, ಕುಡಿಯದಿದ್ದರೆ ಏನಾಗುತ್ತದೆ, ಎರಡೂ ಅವಳಿಗೆ ಗೊತ್ತಿತ್ತು. ಒಂದು ಚೊಂಬಿನಿಂದ ಅವಳಿಗೇನೂ ಆಗುವುದಿಲ್ಲ, ಅದೂ ಗೊತ್ತಿತ್ತು. ಬೇಡವೆಂದು ನೆಲಕ್ಕೆ ಚೆಲ್ಲಿದ್ದರೆ ಕಾಲೊನಿ ಅವಳನ್ನು ಇನ್ನೆಂದೂ ಸೇರಿಸುತ್ತಿರಲಿಲ್ಲ. ಆದರೆ ಯಾಕೆ ಚೆಲ್ಲಿದಳೆಂದು ರಾತ್ರಿಯಾದರೂ ಯಾರೋ ಒಬ್ಬರು ಯೋಚಿಸುತ್ತಿದ್ದರು. ಅವಳು ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬು ಎತ್ತಿ, ಕಣ್ಣು ಮುಚ್ಚಿ, ತಳದವರೆಗೂ ಕುಡಿದಳು.

ಭೀಮರಾಜುವಿನ ಮುಖ ಮೆತ್ತಗಾಯಿತು. ಅವನು ಬಂದು ಕೈಮುಗಿದು, ತಪ್ಪು ತಿಳ್ಕಂಡೆ ಮೇಡಮ್ ಎಂದ. ಅಂಜನ್ ಕುಮಾರ್ ಮೊದಲು ಚಪ್ಪಾಳೆ ಶುರು ಮಾಡಿದ, ಎಲ್ಲರೂ ತಟ್ಟಿದರು. ರೇಣುಕಪ್ರಸಾದ್ ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಸದರಿ ಬಾವಿಯ ನೀರನ್ನು ವಿಷಯತಜ್ಞರಾದ ಡಾ. ಸರ್ವಮಂಗಳಾ ಅವರು ಪಂಚರ ಸಮಕ್ಷಮ ಸ್ವತಃ ಕುಡಿದು ತೋರಿಸಿರುವುದರಿಂದ, ದೂರನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದರು. ಅವಳು ಸಹಿ ಹಾಕಿದಳು.

ಪೆನ್ನು ಹಿಂದಕ್ಕೆ ಕೊಟ್ಟು ನೋಡಿದರೆ ಗಗನಾ ಇನ್ನೂ ಅಲ್ಲೇ, ಅವಳ ಮೊಣಕಾಲಿನ ಹತ್ತಿರ, ಖಾಲಿ ಚೊಂಬು ತಬ್ಬಿಕೊಂಡು ನಿಂತಿದ್ದಳು.

"ಇನ್ನೊಂದು ಚೊಂಬು ತರ್ಲಾ ಮೇಡಮ್?" ಎಂದಳು. ಸರ್ವಮಂಗಳಾ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗಗನಾ ತಾನೇ ಬಾವಿಗೆ ಹೋಗಿ, ತುಂಬಿಸಿಕೊಂಡು, ಬರುವ ದಾರಿಯಲ್ಲಿ ಬಾಯಾರಿ ಅರ್ಧ ತಾನು ಕುಡಿದಳು.